ಯುದ್ಧಕಾಲವೂ ನಮ್ಮ ಮನೆಗಳೂ

೨೦೨೫ನೆಯ ಇಸವಿ ಮೇ ತಿಂಗಳ ೭ನೆಯ ತಾರೀಖಿನಂದು ಭರತಖಂಡದ ನಾನಾ ನಗರಗಳಲ್ಲಿ ಅಪಾಯಸೂಚಕ ಸೈರನ್ನುಗಳು ಕೂಗಿದುದು ನಮ್ಮ ವಾಚಕರ ನೆನಪಿನಿಂದ ಮಾಸಿರಲಾರದು. ಏಪ್ರಿಲ್ ೨೨ರಂದು ಪಹಲ್ಗಾಮಿನಲ್ಲಿ ೨೬ ಮಂದಿ ನಿರಪರಾಧಿಗಳ ಕೊಲೆಯಾಗಿತ್ತು. ಮೇ ೭ರ ನಸುಕಿನಲ್ಲಿ ನಮ್ಮ ಸೇನೆಯ ಪ್ರತೀಕಾರಕ್ರಮ ಮೊದಲಾಯಿತು. ಅದೇ ದಿನ ದೇಶದ ೨೪೪ ನಾಗರಿಕ ಸಂರಕ್ಷಣಾ ಜಿಲ್ಲೆಗಳಲ್ಲಿ ಅಣಕು ಕವಾಯತು ನಡೆಯತಕ್ಕದ್ದೆಂದು ಕೇಂದ್ರದ ಗೃಹಖಾತೆಯವರು ಮೊದಲೇ ಅಪ್ಪಣೆ ಮಾಡಿದ್ದರು. ನಮ್ಮ ನಾಡಿನಲ್ಲಿ ಬೆಂಗಳೂರು, ರಾಯಚೂರು, ಕಾರವಾರಗಳು ಈ ಏರ್ಪಾಟಿಗೆ ಸೇರಿದ್ದವು. ಕಾರವಾರದಲ್ಲಿ ನೌಕಾನೆಲೆಯೂ ಅದರ ಸಮೀಪದಲ್ಲಿ ಕೈಗಾ ಪರಮಾಣು ವಿದ್ಯುದಾಗಾರವೂ ಇರುವುದನ್ನೂ, ರಾಯಚೂರಿನ ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುದಾಗಾರವಿರುವುದನ್ನೂ ಬಲ್ಲವರಿಗೆ ಈ ಆಯ್ಕೆಯ ಕಾರಣವನ್ನು ವಿವರಿಸಬೇಕಾಗಿಲ್ಲ. ಸೈರನ್ ಕೂಗುವುದು, ದೀಪವಾರಿಸುವುದು, ಗಾಯಾಳುಗಳನ್ನು ಹೊತ್ತು ಸಾಗಿಸುವುದು ಮೊದಲಾದ ಅಭ್ಯಾಸಗಳು ಯೋಜಿತವಾದವು. ಮೇ ೧೦ರಂದು ಕದನವಿರಾಮವಾಯಿತು. ಆದರೆ ಸೈರನ್ನಿನ ಸದ್ದಡಗಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಆ ನಾಲ್ಕು ದಿನಗಳು ನಾಲ್ಕು ವಾರಗಳಾಗಿದ್ದಲ್ಲಿ, ನಮ್ಮ ಸಾಮಾನ್ಯ ಗೃಹಸ್ಥನು ಬಾಗಿಲಿಕ್ಕಿಕೊಂಡ ಮೇಲೆ ಮನೆಯೊಳಗೆ ಅವನಿಗೆ ಏನಿರುತ್ತಿತ್ತು?

ಈ ಪ್ರಶ್ನೆಯನ್ನು ಕೇಳುವುದು ಜನರನ್ನು ಹೆದರಿಸಲಿಕ್ಕಲ್ಲ. ಯುದ್ಧವೆಂದೊಡನೆ ವಿಮಾನ, ಕ್ಷಿಪಣಿ, ಸೇನಾಪತಿಗಳ ಮಾತೇ ನಮ್ಮ ನಾಲಗೆಯ ಮೇಲೆ ಬರುತ್ತದೆ. ಸೇನೆಯ ಕಾರ್ಯವನ್ನು ಸೇನೆ ಬಲ್ಲದು. ಅದರ ಸಾಮರ್ಥ್ಯದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಗಡಿಯಿಂದ ದೂರವಿರುವ ಮನೆಗಳಿಗೆ ಯುದ್ಧವು ಆಕಾಶಮಾರ್ಗವಾಗಿ ಬರುವುದು ಅಪರೂಪ. ಅಡಿಗೆಮನೆಯ ಬಾಗಿಲಿನಿಂದ ಬರುವುದೇ ವಾಡಿಕೆ. ಅಕ್ಕಿಯ ಧಾರಣೆ ಏರುತ್ತದೆ, ನಲ್ಲಿ ನಿಲ್ಲುತ್ತದೆ, ಔಷಧ ಸಿಕ್ಕುವುದಿಲ್ಲ, ಸುಳ್ಳು ಸುದ್ದಿ ಬೀದಿಯಿಂದ ಬೀದಿಗೆ ಹರಿಯುತ್ತದೆ. ಈ ಮಾತಿಗೆ ನಮ್ಮ ದೇಶದ ಚರಿತ್ರೆಯೇ ಸಾಕ್ಷಿ.

೧೯೪೨ನೆಯ ಇಸವಿ ಏಪ್ರಿಲ್ ೬ರಂದು ಜಪಾನೀಯರ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬುಗಳನ್ನು ಹಾಕಿದವು. ನಷ್ಟವು ಅಲ್ಪವೇ. ಆದರೆ ಅದೇ ತಿಂಗಳಲ್ಲಿ ಶತ್ರುವಿನ ನೌಕಾಪಡೆ ಬರುತ್ತಿದೆಯೆಂಬ ಸುದ್ದಿಗೆ ಮದರಾಸು ನಗರವು ಬರಿದಾಯಿತು. ಸರ್ಕಾರದ ಕಚೇರಿಗಳು ಒಳನಾಡಿಗೆ ಹೊರಟವು. ಜನರು ಸಿಕ್ಕಿದ ರೈಲು, ಸಿಕ್ಕಿದ ಬಂಡಿ ಹತ್ತಿ ಊರು ಬಿಟ್ಟರು. ಕೊನೆಗೆ ಮದರಾಸಿಗೆ ಯಾವ ನೌಕಾಪಡೆಯೂ ಬರಲಿಲ್ಲ. ಬಿಟ್ಟುಹೋದ ಮನೆ, ಮುಚ್ಚಿದ ಅಂಗಡಿ, ನಿಂತ ಕೂಲಿ ಇವುಗಳಿಂದಾದ ಕಷ್ಟವನ್ನು ಶತ್ರು ಮಾಡಲಿಲ್ಲ. ಸರಿಯಾದ ವರ್ತಮಾನವೂ ಮುಂಗಡ ಸಿದ್ಧತೆಯೂ ಇಲ್ಲದಿದ್ದುದು ಮಾಡಿತು.

ಇದಕ್ಕಿಂತ ಘೋರವಾದುದು ಬಂಗಾಳದ ಉದಾಹರಣೆ. ೧೯೪೨ರಲ್ಲಿ ಬರ್ಮಾ ದೇಶವು ಜಪಾನೀಯರ ಕೈವಶವಾಗಿ ಅಲ್ಲಿಯ ಅಕ್ಕಿ ಬರುವುದು ನಿಂತಿತು. ಶತ್ರುವಿಗೆ ಉಪಯೋಗವಾಗಬಾರದೆಂದು ಕರಾವಳಿಯ ಜಿಲ್ಲೆಗಳಿಂದ ಅಂದಿನ ಬ್ರಿಟಿಷ್ ಸರ್ಕಾರದವರು ಅಕ್ಕಿಯನ್ನು ತೆಗೆಸಿದರು. ಬೆಸ್ತರ ಮತ್ತು ಸಣ್ಣ ವ್ಯಾಪಾರಿಗಳ ದೋಣಿಗಳನ್ನು ಕಿತ್ತುಕೊಂಡರು. ಅಕ್ಟೋಬರಿನಲ್ಲಿ ಮಿಡ್ನಾಪುರದ ಸೀಮೆಯ ಮೇಲೆ ಚಂಡಮಾರುತ ಬಡಿಯಿತು. ಡಿಸೆಂಬರ್ ೨೦ರಿಂದ ಕಲ್ಕತ್ತೆಯ ಮೇಲೆ ಬಾಂಬುಗಳು ಬಿದ್ದವು. ಇದ್ದವರು ಕೂಡಿಟ್ಟರು, ವ್ಯಾಪಾರಿಗಳು ಅಡಗಿಸಿದರು, ಸರ್ಕಾರವು ತನ್ನ ಕಚೇರಿ, ಕಾರ್ಖಾನೆಗಳವರಿಗಾಗಿ ಕೊಂಡಿತು. ಕಲ್ಕತ್ತೆಯಲ್ಲಿ ೧೯೪೨ರ ಡಿಸೆಂಬರಿನಲ್ಲಿ ಮಣಕ್ಕೆ ೧೩–೧೪ ರೂಪಾಯಿಗಳಿದ್ದ ಅಕ್ಕಿಯ ಧಾರಣೆ ೧೯೪೩ರ ಆಗಸ್ಟ್ ವೇಳೆಗೆ ೩೭ ರೂಪಾಯಿಗಳಾಯಿತು. ಕೂಲಿಯವನ ಕೂಲಿ ಆ ಪ್ರಮಾಣದಲ್ಲಿ ಏರಲಿಲ್ಲ. ಬಾಂಬಿಗೆ ಸತ್ತವರ ಲೆಕ್ಕ ನೂರುಗಳಲ್ಲಿ. ಹಸಿವಿಗೂ ಅದರ ಬೆನ್ನಿನ ರೋಗಗಳಿಗೂ ಸತ್ತವರ ಲೆಕ್ಕ ಲಕ್ಷಗಳಲ್ಲಿ. ಕ್ಷಾಮವಿಚಾರಣಾ ಆಯೋಗವು ೧೯೪೫ರಲ್ಲಿ ೧೫ ಲಕ್ಷವೆಂದಿತು. ಅನಂತರದ ಪಂಡಿತರು ೩೦ ಲಕ್ಷದವರೆಗೆ ಹೇಳುತ್ತಾರೆ. ಆಹಾರವೇ ಇಲ್ಲದೆ ಸತ್ತುದಕ್ಕಿಂತ ಆಹಾರವನ್ನು ಕೊಳ್ಳುವ ಶಕ್ತಿಯಿಲ್ಲದೆ ಸತ್ತವರೇ ಹೆಚ್ಚೆಂಬುದನ್ನು ಅಮರ್ತ್ಯ ಸೇನರು ೧೯೮೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಶದಪಡಿಸಿದ್ದಾರೆ. ಯುದ್ಧಕಾಲದ ಗೃಹಸಿದ್ಧತೆಯ ಮೊದಲ ಪಾಠವು ಇಲ್ಲಿದೆ: ಗಲಿಬಿಲಿಯಲ್ಲಿ ಎಲ್ಲರೂ ಒಟ್ಟಿಗೆ ಕೊಳ್ಳಹೊರಟರೆ ಇದ್ದವನು ಉಳಿಯುತ್ತಾನೆ, ಇಲ್ಲದವನು ಬೀಳುತ್ತಾನೆ.

ಸ್ವಾತಂತ್ರ್ಯಾನಂತರ ನಮ್ಮ ಜನರು ೧೯೬೨, ೧೯೬೫, ೧೯೭೧ರ ಯುದ್ಧಗಳನ್ನು ಕಂಡರು. ೧೯೬೫ರಲ್ಲಿ ಪ್ರಧಾನಿ ಲಾಲ ಬಹಾದುರ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟವನ್ನು ಬಿಡಿರೆಂದು ಕೇಳಿದಾಗ, ಕೇಳಿದವರೂ ಪಾಲಿಸಿದವರೂ ಅದನ್ನು ಹೊರೆಯೆಂದು ಭಾವಿಸಲಿಲ್ಲ. ಕಿಟಕಿಗಳಿಗೆ ಕಪ್ಪು ಕಾಗದ ಹಚ್ಚಿದ ಮನೆಗಳನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ೧೯೬೮ರಲ್ಲಿ ನಾಗರಿಕ ಸಂರಕ್ಷಣೆಯ ಕಾನೂನೂ ಆಯಿತು. ಆದರೆ ೧೯೭೧ರ ಮೇಲೆ ಎರಡು ತಲೆಮಾರುಗಳು ಸೈರನ್ನನ್ನು ಚಲಚ್ಚಿತ್ರಗಳಲ್ಲಿ ಮಾತ್ರ ಕೇಳಿ ಬೆಳೆದವು. ಅಷ್ಟರಲ್ಲಿ ನಮ್ಮ ಮನೆಯ ರಚನೆಯೇ ಬದಲಾಯಿತು.

ಹಿಂದಿನ ಕಾಲದ ನಮ್ಮ ಮನೆಗಳು ಐಶ್ವರ್ಯವಂತವಾಗಿದ್ದವೆಂದು ನಾವು ಹೇಳುವುದಿಲ್ಲ. ೧೮೭೬–೭೮ರ ಬರವನ್ನು ಬಲ್ಲವರು ಯಾರೂ ಹಾಗೆ ಹೇಳಲಾರರು. ಆದರೆ ಆಪತ್ತು ಬಂದೇ ಬರುವುದೆಂಬ ಎಣಿಕೆಯ ಮೇಲೆ ಕಟ್ಟಿದ ಮನೆಗಳವು. ಮೈಸೂರು ಸೀಮೆಯ ರೈತನು ನೆಲದೊಳಗಿನ ಹಗೇವಿನಲ್ಲಿ ರಾಗಿಯನ್ನು ತುಂಬಿ ವರ್ಷಗಟ್ಟಲೆ ಕಾಪಾಡುತ್ತಿದ್ದನು. ಬೇರೆ ಕಡೆಗಳಲ್ಲಿ ಕಣಜವಿತ್ತು. ಹಿತ್ತಲಲ್ಲಿ ಬಾವಿ, ಅಟ್ಟದ ಮೇಲೆ ಸೌದೆ, ಭರಣಿಯಲ್ಲಿ ಉಪ್ಪಿನಕಾಯಿ, ಡಬ್ಬಿಯಲ್ಲಿ ಹಪ್ಪಳ ಸಂಡಿಗೆ. ಬಿಜಾಪುರ, ಕಲಬುರ್ಗಿ ಸೀಮೆಗಳಲ್ಲಿ ಜೋಳದ ಖಡಕ್ ರೊಟ್ಟಿಯನ್ನು ಸುಟ್ಟು ಅಡಕಿಲಾಗಿ ಇಡುವ ಪದ್ಧತಿ ಇಂದಿಗೂ ಉಂಟು. ಇವನ್ನು ಯಾರೂ ಯುದ್ಧಸಿದ್ಧತೆಯೆಂದು ಕರೆಯಲಿಲ್ಲ. ಸಂಸಾರದ ಜಾಣ್ಮೆಯೆಂದು ಕರೆದರು.

ಇಂದಿನ ಪಟ್ಟಣದ ಮನೆಯನ್ನು ನೋಡೋಣ. ಅದರ ನೀರು, ಬೆಂಕಿ, ಬೆಳಕು, ಹಣ, ವರ್ತಮಾನ ಇವೈದೂ ಹೊರಗಿನಿಂದ, ದೂರದಿಂದ, ಕ್ಷಣಕ್ಷಣವೂ ಬರತಕ್ಕವು. ಬೆಂಗಳೂರಿಗೆ ಕಾವೇರಿಯ ನೀರು ಸುಮಾರು ೧೦೦ ಕಿಲೋಮೀಟರು ದೂರದಿಂದ, ಸುಮಾರು ೫೦೦ ಮೀಟರು ಎತ್ತರಕ್ಕೆ, ವಿದ್ಯುತ್ ಪಂಪುಗಳ ಬಲದಿಂದ ಏರಿ ಬರುತ್ತದೆ. ೨೦೨೪ರ ಅಕ್ಟೋಬರಿನಲ್ಲಿ ಐದನೆಯ ಹಂತವು ಉದ್ಘಾಟಿತವಾಗಿ, ದಿನಕ್ಕೆ ಮೊದಲಿದ್ದ ೧೪೫ ಕೋಟಿ ಲೀಟರುಗಳಿಗೆ ೭೭.೫ ಕೋಟಿ ಲೀಟರುಗಳ ಸಾಮರ್ಥ್ಯ ಸೇರಿತು. ಇದು ನಮ್ಮ ಯಂತ್ರಶಿಲ್ಪಿಗಳ ಹೆಮ್ಮೆಯ ಕಾರ್ಯವೇ ಸರಿ. ಆದರೆ ಪಂಪಿಗೆ ವಿದ್ಯುತ್ತು ನಿಂತರೆ ನದಿ ತುಂಬಿ ಹರಿದರೂ ನಲ್ಲಿಗೆ ನೀರಿಲ್ಲ. ನಲ್ಲಿಗೆ ನೀರು ಬಂದರೂ, ಮಹಡಿಮನೆಯ ಮೇಲಿನ ತೊಟ್ಟಿಗೆ ಅದನ್ನು ಏರಿಸುವುದು ಮತ್ತೊಂದು ಪಂಪು. ೨೦೨೪ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ರಾಜಧಾನಿಯ ಜನರು ಕೊಡ ಹಿಡಿದು ನಿಂತರಲ್ಲವೆ? ಅದು ಯುದ್ಧವಿಲ್ಲದ ಕಾಲದಲ್ಲಿ.

ಬೆಂಕಿಯ ಮಾತೂ ಹೀಗೆಯೇ. ೨೦೧೬ರಲ್ಲಿ ಉಜ್ವಲಾ ಯೋಜನೆ ಆರಂಭವಾದಂದಿನಿಂದ ಅಡಿಗೆ ಅನಿಲವು ಬಡವರ ಮನೆಗೂ ಮುಟ್ಟಿ, ಹೊಗೆಯಿಂದ ನಮ್ಮ ತಾಯಂದಿರ ಕಣ್ಣು ಉಳಿಯಿತು. ಇದು ಸಂತೋಷದ ಸಂಗತಿ. ಆದರೆ ೨೦೨೫ರ ಲೆಕ್ಕದಂತೆ ದೇಶಕ್ಕೆ ಬೇಕಾದ ಅಡಿಗೆ ಅನಿಲದಲ್ಲಿ ಸುಮಾರು ೧೦೦ಕ್ಕೆ ೬೦ ಪಾಲು ಪರದೇಶದ್ದು. ಅದರಲ್ಲಿ ಬಹುಭಾಗ ಹಾರ್ಮುಜ್ ಜಲಸಂಧಿಯನ್ನು ದಾಟಿ ಬರತಕ್ಕದ್ದು. ೨೦೨೫ರ ಜೂನಿನಲ್ಲಿ ಇಸ್ರೇಲು, ಇರಾನುಗಳ ನಡುವೆ ಹನ್ನೆರಡು ದಿನಗಳ ಯುದ್ಧವಾದಾಗ ಆ ಜಲಸಂಧಿ ಮುಚ್ಚೀತೆಂಬ ಭೀತಿ ಹುಟ್ಟಿತ್ತು. ಅಡಿಗೆ ಎಣ್ಣೆಯಲ್ಲಿಯೂ ಅರ್ಧಕ್ಕಿಂತ ಹೆಚ್ಚು ಹೊರಗಿನದೇ. ೨೦೨೨ರಲ್ಲಿ ರಷ್ಯಾ ಯುಕ್ರೇನಿನ ಮೇಲೆ ಏರಿಹೋದಾಗ, ಆ ಎರಡು ದೇಶಗಳಿಂದ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿ, ಸಾವಿರಾರು ಹರದಾರಿ ದೂರದ ಯುದ್ಧದ ಬಿಸಿ ನಮ್ಮ ಬಾಣಲೆಗೆ ತಟ್ಟಿತು. ಒಂದೇ ಸಿಲಿಂಡರು ಉಳ್ಳ ಮನೆಗೆ ಅದು ಮುಗಿದ ದಿನವೇ ಒಲೆ ಆರಿದ ದಿನ.

ಹಣವು ಈಗ ಪೆಟ್ಟಿಗೆಯಲ್ಲಿಲ್ಲ, ಫೋನಿನಲ್ಲಿದೆ. ೨೦೨೫ರಲ್ಲಿ ಯುಪಿಐ ಪದ್ಧತಿಯಿಂದ ತಿಂಗಳಿಗೆ ೧,೮೦೦ ಕೋಟಿಗೂ ಮೀರಿದ ಪಾವತಿಗಳು ನಡೆದ ಕಾಲವುಂಟು. ಅದೇ ವರ್ಷದ ಮಾರ್ಚಿ, ಏಪ್ರಿಲ್ ತಿಂಗಳುಗಳಲ್ಲಿ ಅದು ಕೆಲವು ಗಂಟೆಗಳ ಕಾಲ ಕೈಕೊಟ್ಟುದೂ ಉಂಟು. ೨೦೨೫ರ ಏಪ್ರಿಲ್ ೨೮ರಂದು ಸ್ಪೇನ್, ಪೋರ್ಚುಗಲ್ ದೇಶಗಳಲ್ಲಿ ಒಮ್ಮೆಲೇ ವಿದ್ಯುತ್ತು ನಿಂತಾಗ, ಜೇಬಿನಲ್ಲಿ ಚಿಲ್ಲರೆ ಹಣವೂ ಮನೆಯಲ್ಲಿ ಬ್ಯಾಟರಿಯ ರೇಡಿಯೋವೂ ಇದ್ದವನು ಭಾಗ್ಯವಂತನಾದನು. ಅಲ್ಲಿ ಯಾವ ಶತ್ರುವೂ ಬಂದಿರಲಿಲ್ಲ. ಶತ್ರು ಬಂದಾಗ ಮೊದಲು ಹುಡುಕುವುದು ವಿದ್ಯುತ್ತನ್ನೇ ಎಂಬುದನ್ನು ಯುಕ್ರೇನಿನ ಚಳಿಗಾಲಗಳು ತೋರಿಸಿವೆ.

ನಮ್ಮ ಗೃಹಸಿದ್ಧತೆಗೆ ನಡೆದ ನಿಜವಾದ ಪರೀಕ್ಷೆಯು ಯುದ್ಧದಿಂದ ಬರಲಿಲ್ಲ, ಸಾಂಕ್ರಾಮಿಕದಿಂದ ಬಂದಿತು. ೨೦೨೦ರ ಮಾರ್ಚಿ ೨೪ರಂದು ರಾತ್ರಿ ೮ ಗಂಟೆಗೆ ಪ್ರಧಾನಿಗಳು ಮಾತನಾಡಿದರು. ಮಧ್ಯರಾತ್ರಿಯಿಂದ ದೇಶಕ್ಕೆ ಬೀಗಮುದ್ರೆಯಾಯಿತು. ನಡುವೆ ಇದ್ದುದು ನಾಲ್ಕು ಗಂಟೆ. ಆ ನಾಲ್ಕು ಗಂಟೆಗಳಲ್ಲಿ ದಿನಸಿ ಅಂಗಡಿಗಳ ಮುಂದೆ ಕಂಡ ನೂಕುನುಗ್ಗಲೇ ನಮ್ಮ ಸಿದ್ಧತೆಯ ಅಳತೆಗೋಲು. ಸಂಬಳದವರ ಮನೆಗಳಲ್ಲಿ ಒಂದೆರಡು ವಾರಕ್ಕೆ ಸಾಮಾನು ಇದ್ದಿತು. ಕಟ್ಟಡದ ಕೂಲಿಗಳು, ಬಾಡಿಗೆಯ ಒಂದು ಕೋಣೆಯಲ್ಲಿ ನಾಲ್ಕಾರು ಮಂದಿ ವಾಸಿಸುವವರು, ಅಂದಂದಿನ ಕೂಲಿಯಿಂದ ಅಂದಂದೇ ಅಕ್ಕಿ ತರುವವರು ಇವರಿಗೆ ಏನಿದ್ದಿತು? ಅವರ ಪಡಿತರ ಚೀಟಿ ಊರಿನಲ್ಲಿ, ಅವರು ಪರಸ್ಥಳದಲ್ಲಿ. ಅವರು ನಡೆದರು, ನೂರಾರು ಕಿಲೋಮೀಟರು ನಡೆದರು. ದೇಶದ ಯಾವ ಮೂಲೆಯಲ್ಲಿಯಾದರೂ ಪಡಿ ಪಡೆಯುವ ಏರ್ಪಾಟು ಎಲ್ಲ ರಾಜ್ಯಗಳಿಗೆ ವ್ಯಾಪಿಸಿದುದು ೨೦೨೨ರಲ್ಲಿ. ಆಪತ್ತು ಕಳೆದ ಮೇಲೆ ಕಟ್ಟಿದ ಸೇತುವೆಯಾದರೂ, ಕಟ್ಟಿದುದು ಒಳ್ಳೆಯದೇ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಮನೆಯಲ್ಲಿ ಕೂಡಿಡಿರೆಂದು ಪತ್ರಿಕೆಗಳೇ ಬೋಧಿಸಿದರೆ ಕಾಳಸಂತೆಗೆ ಕರೆಕೊಟ್ಟಂತಾಗದೆ? ೨೦೨೫ರ ಮೇ ತಿಂಗಳಲ್ಲಿ ಕೇಂದ್ರದ ಆಹಾರಸಚಿವರಾಗಿದ್ದ ಪ್ರಹ್ಲಾದ ಜೋಶಿಯವರು ಧಾನ್ಯದ ಕೊರತೆಯಿಲ್ಲ, ಗಾಬರಿಯಿಂದ ಕೊಳ್ಳಬೇಡಿರೆಂದು ಜನರಿಗೆ ಹೇಳಿದರು. ಚಂಡೀಗಡದ ಅಧಿಕಾರಿಗಳು ದಾಸ್ತಾನು ಮಾಡುವುದನ್ನೇ ನಿಷೇಧಿಸಿದರು. ಆ ಹೊತ್ತಿಗೆ ಅದು ಯೋಗ್ಯವಾದ ಮಾತು, ಯೋಗ್ಯವಾದ ಆಜ್ಞೆ. ಆದರೆ ಕೂಡಿಡುವುದಕ್ಕೂ ಕಾಪಿಡುವುದಕ್ಕೂ ಭೇದವುಂಟು. ಶಾಂತಿಯ ದಿನಗಳಲ್ಲಿ ತಿಂಗಳಿಗೆ ಎರಡು ಸೇರು ಹೆಚ್ಚು ಕೊಂಡು ಹಳೆಯದನ್ನು ಉಂಡು ಹೊಸದನ್ನು ತುಂಬುವ ಗೃಹಿಣಿಯು ಯಾರ ಬಾಯಿಯ ತುತ್ತನ್ನೂ ಕಸಿಯುವುದಿಲ್ಲ. ಅಂಗಡಿಯವನು ಮರುದಿನವೇ ತರಿಸುತ್ತಾನೆ. ಸೈರನ್ ಕೂಗಿದ ದಿನ ಹತ್ತು ಮೂಟೆ ಹೊತ್ತು ತರುವವನು ಹತ್ತು ನೆರೆಮನೆಗಳ ಒಲೆಯನ್ನು ಆರಿಸುತ್ತಾನೆ. ಮೊದಲನೆಯವಳು ಇದ್ದಷ್ಟು ಎರಡನೆಯವನ ಅವಶ್ಯಕತೆ ಕಡಮೆಯಾಗುತ್ತದೆ. ಮುಂಚಿತವಾದ ಸಿದ್ಧತೆಯೇ ಗಾಬರಿಯ ಖರೀದಿಗೆ ಮದ್ದು.

ಪರದೇಶದ ಸರ್ಕಾರಗಳು ಈ ಭೇದವನ್ನು ಅರಿತು ಜನರೊಡನೆ ಬಿಚ್ಚುಮನಸ್ಸಿನಿಂದ ಮಾತನಾಡುತ್ತಿವೆ. ಸ್ವೀಡನ್ ದೇಶದವರು ಯುದ್ಧ ಬಂದರೆ ಏನು ಮಾಡಬೇಕೆಂಬ ಹೊತ್ತಗೆಯನ್ನು ೧೯೪೩ರಲ್ಲಿಯೇ ಅಚ್ಚು ಹಾಕಿಸಿದ್ದರು. ೨೦೧೮ರಲ್ಲಿ ಅದನ್ನು ಹೊಸದಾಗಿ ಬರೆಯಿಸಿ ೪೮ ಲಕ್ಷ ಮನೆಗಳಿಗೆ ಕಳುಹಿಸಿದರು. ೨೦೨೪ರ ನವೆಂಬರಿನಲ್ಲಿ ಮತ್ತೆ ತಿದ್ದಿ ೫೦ ಲಕ್ಷಕ್ಕೂ ಮೇಲ್ಪಟ್ಟ ಮನೆಗಳಿಗೆ ಮುಟ್ಟಿಸಿದರು. ಒಂದು ವಾರ ಪರರ ನೆರವಿಲ್ಲದೆ ಬಾಳುವಷ್ಟು ನೀರು, ಅನ್ನ, ಬೆಳಕು, ರೇಡಿಯೋ, ಚಿಲ್ಲರೆ ಹಣ ಇರಲೆಂಬುದು ಅದರ ಸಾರ. ಫಿನ್‌ಲೆಂಡಿನವರು ಮೂರು ದಿನಗಳ ಸಿದ್ಧತೆಯನ್ನು ಕೇಳುತ್ತಾರೆ. ಅಲ್ಲಿ ೫೦,೦೦೦ಕ್ಕೂ ಮೀರಿದ ರಕ್ಷಣಾಗೃಹಗಳಿವೆ. ಯೂರೋಪಿನ ಒಕ್ಕೂಟವು ೨೦೨೫ರ ಮಾರ್ಚಿ ೨೬ರಂದು ತನ್ನ ಎಲ್ಲ ಪ್ರಜೆಗಳಿಗೂ ೭೨ ಗಂಟೆಗಳ ಸಿದ್ಧತೆ ಇರಬೇಕೆಂಬ ನೀತಿಯನ್ನು ಸಾರಿತು. ಆ ದೇಶಗಳ ಸಂಪತ್ತು ನಮಗಿಲ್ಲ, ಚಳಿಯೂ ನಮಗಿಲ್ಲ. ಅವರ ಪಟ್ಟಿಯನ್ನು ಹಾಗೆಯೇ ನಕಲು ಮಾಡಬೇಕಾಗಿಯೂ ಇಲ್ಲ. ಅನುಕರಿಸತಕ್ಕದ್ದು ಅವರ ರೀತಿಯನ್ನು. ಪ್ರಜೆಯನ್ನು ಮಗುವೆಂದು ಬಗೆದು ಸುಮ್ಮನಿರಿಸದೆ, ಅವನು ಮನೆಯ ಯಜಮಾನನೆಂದು ಬಗೆದು ಹೇಳತಕ್ಕದ್ದನ್ನು ಹೇಳಿದ್ದಾರೆ.

ನಮ್ಮ ಮನೆಗಳ ಲೆಕ್ಕವನ್ನು ನಾವೇ ಹಾಕೋಣ. ಐದು ಮಂದಿಯ ಸಂಸಾರವೆಂದು ಇಟ್ಟುಕೊಳ್ಳಿರಿ. ಕುಡಿಯಲಿಕ್ಕೂ ಅಡಿಗೆಗೂ ತಲೆಗೆ ದಿನಕ್ಕೆ ಮೂರು ಲೀಟರಿನಂತೆ ಏಳು ದಿನಕ್ಕೆ ೧೦೫ ಲೀಟರು ನೀರು. ಮುಚ್ಚಳವುಳ್ಳ ಐದಾರು ದೊಡ್ಡ ಪಾತ್ರೆಗಳಿಗಿಂತ ಹೆಚ್ಚಲ್ಲ. ತಲೆಗೆ ೪೫೦ ಗ್ರಾಮಿನಂತೆ ಅಕ್ಕಿ, ರಾಗಿ, ಜೋಳಗಳಲ್ಲಿ ಯಾವುದಾದರೂ ೧೬ ಕಿಲೋ. ಬೇಳೆ ಎರಡು ಕಿಲೋ. ಎಣ್ಣೆ, ಉಪ್ಪು, ಬೆಲ್ಲ. ಒಲೆ ಉರಿಯದ ದಿನಕ್ಕೆ ನಮ್ಮ ಅಡಿಗೆಮನೆಯಂಥ ಅಡಿಗೆಮನೆ ಬೇರೆಲ್ಲಿದೆ? ಅವಲಕ್ಕಿ, ಚುರುಮುರಿ, ಹುರಿಹಿಟ್ಟು, ಹುರಿಗಡಲೆ, ಶೇಂಗಾ, ಚಟ್ನಿಪುಡಿ, ಖಡಕ್ ರೊಟ್ಟಿ ಇವು ಡಬ್ಬಿಯ ಪರದೇಶೀ ಆಹಾರಕ್ಕಿಂತ ಅಗ್ಗವೂ ಹೌದು, ಹಿತವೂ ಹೌದು. ಸಕ್ಕರೆ ರೋಗ, ರಕ್ತದೊತ್ತಡ ಉಳ್ಳವರಿಗೆ ಎರಡು ವಾರದ ಔಷಧ. ಕೈಬತ್ತಿ, ಬೆಂಕಿಪೊಟ್ಟಣ, ಬ್ಯಾಟರಿಯ ರೇಡಿಯೋ. ಒಂದು ವಾರದ ಖರ್ಚಿಗೆ ಸಣ್ಣ ನೋಟುಗಳು. ಮನೆಪತ್ರ, ಗುರುತಿನ ಚೀಟಿಗಳ ಒಂದು ಚೀಲ. ಕಾಗದದ ಮೇಲೆ ಬರೆದ ಹತ್ತು ದೂರವಾಣಿ ಸಂಖ್ಯೆಗಳು. ಮನೆಯವರು ಬೇರೆ ಬೇರೆ ಕಡೆ ಇದ್ದಾಗ ಕೂಡತಕ್ಕ ಒಂದು ಸ್ಥಳದ ನಿಶ್ಚಯ. ಇದಿಷ್ಟೇ. ಮಧ್ಯಮ ವರ್ಗದ ಗೃಹಸ್ಥನು ಒಂದು ಹಬ್ಬಕ್ಕೆ ಮಾಡುವ ಖರ್ಚಿಗಿಂತ ಇದು ಹೆಚ್ಚಾಗದು. ಅದನ್ನೂ ಆರು ತಿಂಗಳಲ್ಲಿ ಹಂಚಿಕೊಂಡು ಮಾಡಬಹುದು.

ಇದು ಅಲ್ಪವೆಂದು ಉಪೇಕ್ಷಿಸುವವರು ಒಂದು ಸಂಗತಿಯನ್ನು ನೆನೆಯಲಿ. ೨೦೨೨ರ ಮಾರ್ಚಿ ೧ರಂದು ಯುಕ್ರೇನಿನ ಖಾರ್ಕಿವ್ ನಗರದಲ್ಲಿ, ವೈದ್ಯಕೀಯ ಕಲಿಯಲು ಹೋಗಿದ್ದ ಕನ್ನಡ ನಾಡಿನ ತರುಣನೊಬ್ಬನು ದಾಳಿಗೆ ಬಲಿಯಾದನು. ಅವನು ಹೊರಗೆ ಹೋಗಿದ್ದುದು ಆಹಾರ ತರಲಿಕ್ಕೆ. ಮುತ್ತಿಗೆಯಾದ ನಗರದಲ್ಲಿ ಅಂಗಡಿಗೆ ಹೋಗುವ ಒಂದೊಂದು ನಡೆಯೂ ಪ್ರಾಣದ ಪಣ. ಮನೆಯೊಳಗಿನ ಒಂದು ವಾರದ ಹಿಟ್ಟಿನ ಬೆಲೆಯನ್ನು ರೂಪಾಯಿಯಲ್ಲಿ ಎಣಿಸಲಾಗದ ದಿನಗಳೂ ಉಂಟು.

ಆದರೆ ನಾವು ಮೇಲೆ ಬರೆದ ಪಟ್ಟಿಯನ್ನು ಓದಿ ನಿಟ್ಟುಸಿರಿಡುವ ಮನೆಗಳು ಈ ನಾಡಿನಲ್ಲಿ ಲಕ್ಷಗಟ್ಟಲೆ ಇವೆಯೆಂಬುದನ್ನು ನಾವು ಮರೆತಿಲ್ಲ. ಅಂದಿನ ಅಕ್ಕಿಯನ್ನು ಅಂದೇ ತರುವವನಿಗೆ ಏಳು ದಿನದ ದಾಸ್ತಾನು ಮಾಡೆಂದು ಹೇಳುವುದು ಬರಿಗೈಯವನಿಗೆ ದಾನಧರ್ಮದ ಉಪದೇಶ ಮಾಡಿದಂತೆ. ೧೬ ಕಿಲೋ ಧಾನ್ಯವನ್ನು ಒಟ್ಟಿಗೆ ಕೊಳ್ಳಲು ಹಣವಿಲ್ಲ, ಕೊಂಡರೆ ಇಡಲು ಜಾಗವಿಲ್ಲ, ೧೦೫ ಲೀಟರು ನೀರು ಹಿಡಿಯಲು ಪಾತ್ರೆಯಿಲ್ಲ, ಪಾತ್ರೆಯಿದ್ದರೆ ನೀರಿಲ್ಲ. ಆದುದರಿಂದ ಉಳ್ಳವರ ಸಿದ್ಧತೆ ಅವರ ಜಾಣ್ಮೆಯ ವಿಷಯವಾದರೆ, ಇಲ್ಲದವರ ಸಿದ್ಧತೆ ಸರ್ಕಾರದ ಕರ್ತವ್ಯದ ವಿಷಯ. ಬಂಗಾಳದಲ್ಲಿ ಸತ್ತವರು ಯಾರೆಂಬುದನ್ನು ನೆನೆದವರಿಗೆ ಇದರ ಮಹತ್ವ ಹೊಳೆಯದೆ ಇರದು.

ಇದಕ್ಕೆ ಸಾಧನವು ಆಗಲೇ ಸರ್ಕಾರದ ಕೈಯಲ್ಲಿದೆ. ೨೦೧೩ರ ಆಹಾರ ಭದ್ರತಾ ಕಾನೂನಿನ ಮೇರೆಗೆ ಸುಮಾರು ೮೦ ಕೋಟಿ ಜನರಿಗೆ ಸಾಮಾನ್ಯವಾಗಿ ತಲೆಗೆ ತಿಂಗಳಿಗೆ ೫ ಕಿಲೋ ಧಾನ್ಯ ದೊರೆಯುತ್ತದೆ. ೨೦೨೪ರ ಜನವರಿಯಿಂದ ಐದು ವರ್ಷ ಅದು ಬೆಲೆಯಿಲ್ಲದೆ ದೊರೆಯತಕ್ಕದ್ದೆಂದು ಗೊತ್ತಾಗಿದೆ. ಈ ಕಾರ್ಡುದಾರರಿಗೆ ಒಂದು ತಿಂಗಳ ಪಡಿಯನ್ನು ಒಮ್ಮೆ ಹೆಚ್ಚಾಗಿ ಕೊಟ್ಟು, ಎಂದೆಂದಿಗೂ ಅವರ ಮನೆ ಒಂದು ತಿಂಗಳು ಮುಂದಿರುವಂತೆ ಏಕೆ ಮಾಡಬಾರದು? ಇದಕ್ಕೆ ಬೇಕಾಗುವ ಧಾನ್ಯ ಸುಮಾರು ೪೦ ಲಕ್ಷ ಟನ್ನು. ೨೦೨೫ರ ಜುಲೈ ಆರಂಭದಲ್ಲಿ ಸರ್ಕಾರದ ಉಗ್ರಾಣಗಳಲ್ಲಿ ಅಕ್ಕಿ, ಗೋಧಿ ಕೂಡಿ ೬ ಕೋಟಿ ಟನ್ನುಗಳಿಗೂ ಮೀರಿ ಇದ್ದಿತು. ಧಾನ್ಯವು ಅದೇ, ದೂರದ ಉಗ್ರಾಣದಿಂದ ಬಡವನ ಮನೆಗೆ ಸ್ಥಾನ ಬದಲಾಯಿಸುವುದಷ್ಟೆ. ಇದು ಅಪೂರ್ವವಾದ ಸಲಹೆಯೂ ಅಲ್ಲ. ೨೦೨೫ರಲ್ಲಿಯೇ ಕೇಂದ್ರದ ಆಹಾರಖಾತೆಯವರು ಆಗಸ್ಟ್ ತಿಂಗಳವರೆಗಿನ ಪಡಿಯನ್ನು ಮಳೆಗಾಲಕ್ಕೆ ಮುನ್ನ ಮುಂಗಡವಾಗಿ ಹಂಚುವಂತೆ ರಾಜ್ಯಗಳಿಗೆ ತಿಳಿಸಿದ್ದರು. ಮಳೆಗಾಗಿ ಮಾಡಬಹುದಾದುದನ್ನು ಯುದ್ಧಕ್ಕಾಗಿ ಮಾಡಲಾಗದೆ? ಕೊಟ್ಟರೆ ಮಾರಿಕೊಂಡಾರು ಎಂದು ಹೇಳುವವರುಂಟು. ಕೆಲವರು ಮಾರಿಯಾರು, ಉಗ್ರಾಣದಲ್ಲಿಯೂ ಇಲಿಗಳಿವೆ. ಕೆಲವರ ತಪ್ಪಿಗಾಗಿ ಎಲ್ಲರ ಒಲೆಯನ್ನು ದೈವಕ್ಕೆ ಬಿಡುವುದು ರಾಜ್ಯನೀತಿಯಲ್ಲ.

ನೀರಿನ ವಿಷಯದಲ್ಲಿ ಪುರಸಭೆಗಳು ಮಾಡತಕ್ಕ ಕೆಲಸವು ಇನ್ನೂ ಸುಲಭ. ಪ್ರತಿಯೊಂದು ವಾರ್ಡಿನಲ್ಲಿ ಉಳಿದಿರುವ ಬಾವಿಗಳೆಷ್ಟು, ಕೈಪಂಪುಗಳೆಷ್ಟು, ಅವುಗಳಲ್ಲಿ ಕುಡಿಯಲು ಯೋಗ್ಯವಾದವೆಷ್ಟು, ವಿದ್ಯುತ್ತು ನಿಂತಾಗ ನಡೆಯತಕ್ಕ ಪಂಪುಗಳೆಷ್ಟು ಎಂಬ ಪಟ್ಟಿ ಸಿದ್ಧವಾಗಲಿ. ಹೂಳು ತುಂಬಿದ ಬಾವಿಗಳನ್ನು ತೋಡಿಸಲಿ. ನಾಗರಿಕ ಸಂರಕ್ಷಣಾ ನಿಯಮಗಳ ೧೧ನೆಯ ನಿಯಮವು ಇಂಥ ಕಾರ್ಯಗಳಿಗೆ ಸ್ಥಳೀಯ ಸಂಸ್ಥೆಗಳ ನಿಧಿಯನ್ನು ಖರ್ಚು ಮಾಡುವುದಕ್ಕೂ ಇತರ ಕೆಲಸಗಳಿಗಿಂತ ಇವಕ್ಕೆ ಅಗ್ರಸ್ಥಾನ ಕೊಡುವುದಕ್ಕೂ ಅವಕಾಶ ಕೊಡುತ್ತದೆ. ೨೦೨೫ರ ಮೇ ೯ರಂದು ಕೇಂದ್ರದ ಗೃಹಖಾತೆಯವರು ರಾಜ್ಯಗಳಿಗೆ ಇದನ್ನೇ ಜ್ಞಾಪಿಸಿದ್ದರು. ಅಧಿಕಾರವಿಲ್ಲವೆಂಬ ನೆಪ ನಮ್ಮ ಅಧಿಕಾರಿಗಳಿಗೆ ಉಳಿದಿಲ್ಲ.

ಇನ್ನು ವದಂತಿಯ ಮಾತು. ಬೆಂಗಳೂರಿನವರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ೨೦೧೨ರ ಆಗಸ್ಟಿನಲ್ಲಿ ಫೋನಿನಿಂದ ಫೋನಿಗೆ ಹರಿದ ಸುಳ್ಳು ಸಂದೇಶಗಳಿಗೆ ಹೆದರಿ ಈಶಾನ್ಯ ಭಾರತದ ಸಾವಿರಾರು ಸೋದರ ಸೋದರಿಯರು ರೈಲು ನಿಲ್ದಾಣಕ್ಕೆ ಮುಗಿಬಿದ್ದರು. ಸರ್ಕಾರವು ಒಟ್ಟು ಸಂದೇಶಗಳ ಮೇಲೆ ನಿರ್ಬಂಧ ಹಾಕಬೇಕಾಯಿತು. ೨೦೨೫ರ ಮೇ ತಿಂಗಳಲ್ಲಿ ಹಣದ ಯಂತ್ರಗಳು ಎರಡು ಮೂರು ದಿನ ಮುಚ್ಚಿರುತ್ತವೆಂಬ ಸುಳ್ಳು ಹಬ್ಬಿತು. ಸರ್ಕಾರದ ವಾರ್ತಾಶಾಖೆಯವರು ಅದನ್ನು ಅಲ್ಲಗಳೆಯಬೇಕಾಯಿತು. ಬಾಂಬು ಬಿದ್ದಲ್ಲಿ ಒಂದು ಮನೆ ಕೆಡುತ್ತದೆ. ವದಂತಿ ಬಿದ್ದಲ್ಲಿ ಒಂದು ಊರು ಕೆಡುತ್ತದೆ. ಮೂಲ ತಿಳಿಯದ ಸಂದೇಶವನ್ನು ಮುಂದೆ ಕಳುಹಿಸದಿರುವುದು ಯುದ್ಧಕಾಲದಲ್ಲಿ ಪ್ರತಿಯೊಬ್ಬ ಪ್ರಜೆಯೂ ವೆಚ್ಚವಿಲ್ಲದೆ ಮಾಡಬಹುದಾದ ದೇಶಸೇವೆ. ಆದರೆ ವದಂತಿಯು ಮೌನದಲ್ಲಿ ಬೆಳೆಯುತ್ತದೆಂಬುದನ್ನು ಸರ್ಕಾರದವರೂ ತಿಳಿದಿರಬೇಕು. ಜಿಲ್ಲಾಧಿಕಾರಿಗಳು ನಿಯತವಾದ ಹೊತ್ತಿಗೆ, ಕನ್ನಡದಲ್ಲಿ, ಸರಳವಾದ ಮಾತಿನಲ್ಲಿ, ತಿಳಿದುದನ್ನು ತಿಳಿದಂತೆ ಹೇಳುವ ಪದ್ಧತಿ ಇದ್ದಲ್ಲಿ ಸುಳ್ಳಿಗೆ ಗಿರಾಕಿಗಳು ಕಡಮೆ.

ಮನೆಯೆಂದರೆ ನಾಲ್ಕು ಗೋಡೆಗಳಷ್ಟೇ ಅಲ್ಲ, ಬೀದಿಯೂ ಮನೆಯೇ. ಮೂರನೆಯ ಮಹಡಿಯಲ್ಲಿ ಒಂಟಿಯಾಗಿರುವ ವೃದ್ಧೆಯನ್ನು ಯಾರು ಕೆಳಗಿಳಿಸ ತಕ್ಕವರು, ಬಾಣಂತಿಯ ಮನೆಗೆ ನೀರು ಯಾರು ಕೊಡತಕ್ಕವರು, ಕಿವಿ ಕೇಳದವರಿಗೆ ಸೈರನ್ನಿನ ವಿಷಯ ಯಾರು ತಿಳಿಸತಕ್ಕವರು ಎಂಬುದನ್ನು ಆಪತ್ತು ಬಂದ ದಿನ ಗೊತ್ತುಮಾಡಲಾಗದು. ಬೀದಿಯ ನಾಲ್ಕು ಮಂದಿ ಒಂದು ಸಂಜೆ ಕೂಡಿ ಕುಳಿತರೆ ಇದು ಮುಗಿಯುವ ಕೆಲಸ. ಗೃಹರಕ್ಷಕ ದಳದವರೂ ನಾಗರಿಕ ಸಂರಕ್ಷಣೆಯ ಸ್ವಯಂಸೇವಕರೂ ಇಂಥ ಕೂಟಗಳಿಗೆ ಬಂದು ಪ್ರಥಮ ಚಿಕಿತ್ಸೆ, ಬೆಂಕಿ ಆರಿಸುವ ಕ್ರಮಗಳನ್ನು ಕಲಿಸಿದರೆ ವರ್ಷಕ್ಕೊಂದು ದೊಡ್ಡ ಕವಾಯತಿಗಿಂತ ಅದರ ಫಲ ಹೆಚ್ಚು.

ಗಡಿ ದೂರ, ನಮಗೇಕೆ ಈ ಚಿಂತೆ ಎನ್ನುವವರಿಗೆ ನಮ್ಮ ಉತ್ತರ ಇಷ್ಟೆ. ೨೦೨೫ರ ಮೇ ತಿಂಗಳಲ್ಲಿ ಪೂಂಛ್ ಪಟ್ಟಣದ ಮೇಲೆ ಫಿರಂಗಿ ಗುಂಡುಗಳು ಬಿದ್ದು ಸಾಮಾನ್ಯ ನಾಗರಿಕರು ಸತ್ತರು. ಆ ಕಷ್ಟ ನಮಗೆ ಬರಲಿಲ್ಲ. ಬಾರದಿದ್ದುದೇ ಸಿದ್ಧವಾಗಲು ನಮಗೆ ದೊರೆತ ಸಮಯ. ಮೇಲಾಗಿ ಈ ಸಿದ್ಧತೆ ಯುದ್ಧ ಬಾರದಿದ್ದರೂ ವ್ಯರ್ಥವಾಗತಕ್ಕದ್ದಲ್ಲ. ೨೦೧೮ರಲ್ಲಿ ಕೊಡಗಿನ ಗುಡ್ಡಗಳು ಜರಿದಾಗ, ೨೦೧೯ರಲ್ಲಿ ಕೃಷ್ಣೆ ಮಲಪ್ರಭೆಗಳು ಉಕ್ಕಿ ಉತ್ತರದ ಜಿಲ್ಲೆಗಳನ್ನು ಮುಳುಗಿಸಿದಾಗ ಬೇಕಾಗಿದ್ದುದೂ ಇದೇ ನೀರು, ಇದೇ ಅವಲಕ್ಕಿ, ಇದೇ ಔಷಧದ ಚೀಲ, ಇದೇ ನೆರೆಹೊರೆ. ನಾಗರಿಕ ಸಂರಕ್ಷಣೆಯ ಕಾನೂನನ್ನು ನೈಸರ್ಗಿಕ ವಿಪತ್ತುಗಳಿಗೂ ಅನ್ವಯಿಸುವಂತೆ ೨೦೧೦ರಲ್ಲಿ ವಿಸ್ತರಿಸಿದ ಶಾಸನಸಭೆಯವರ ಅಭಿಪ್ರಾಯವೂ ಇದೇ ಆಗಿದ್ದಿತು.

ಆದಕಾರಣ ಸರ್ಕಾರದವರಲ್ಲಿ ನಾವು ಮೂರು ವಿಷಯಗಳನ್ನು ಬೇಡುತ್ತೇವೆ. ಮನೆಯ ಸಿದ್ಧತೆಯನ್ನು ತಿಳಿಸುವ ಕನ್ನಡದ ಸಣ್ಣ ಹೊತ್ತಗೆಯೊಂದು ನಾಡಿನ ಪ್ರತಿಯೊಂದು ಮನೆಗೂ ಮುಟ್ಟಲಿ. ಓದಲಾರದವರಿಗೆ ಶಾಲೆಯ ಮಕ್ಕಳು ಓದಿ ಹೇಳಲಿ. ಪಡಿತರದ ಮನೆಗಳು ಸದಾ ಒಂದು ತಿಂಗಳು ಮುಂದಿರಲಿ. ವಾರ್ಡುವಾರ್ಡಿನ ನೀರಿನ ಪಟ್ಟಿ ಪ್ರಕಟವಾಗಲಿ. ಗೃಹಸ್ಥರಲ್ಲಿ ಬೇಡುವುದು ಒಂದೇ: ಈ ತಿಂಗಳ ಸಾಮಾನು ತರುವಾಗ ಎರಡು ಕಿಲೋ ಹೆಚ್ಚು ತನ್ನಿರಿ, ಸೈರನ್ ಕೂಗಿದ ದಿನ ಅಂಗಡಿಗೆ ಹೋಗಬೇಡಿರಿ. ಅಂದು ಆ ಅಂಗಡಿಯು ಅಂದಂದಿನ ಕೂಲಿಯವನಿಗೆ ತೆರೆದಿರಲಿ.